ಕಾಡಿನ ಮರಕ್ಕೊಂದು ಸಿಮ್ ಕಾರ್ಡ್: ಬೇಟೆ ಜಮೀನು ಕಾಯುವ ಮೊಬೈಲ್ ಕ್ಯಾಮೆರಾ ನಿಜಕ್ಕೂ ಏನು ನೋಡುತ್ತದೆ?

ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ ಕೆಲಸ ಮಾಡುವ ಒಬ್ಬ ಬೇಟೆಗಾರನನ್ನು ಕಲ್ಪಿಸಿಕೊಳ್ಳಿ. ನಗರದಿಂದ ಮುನ್ನೂರು ಕಿಲೋಮೀಟರ್ ದೂರದಲ್ಲಿ ಕುರುಚಲು ಕಾಡಿನಂಥ ಜಮೀನೊಂದನ್ನು ಆತ ಬೇಟೆಗೆಂದು ಗುತ್ತಿಗೆ ಹಿಡಿದಿದ್ದಾನೆ. ಮಂಗಳವಾರ ಬೆಳಿಗ್ಗೆ, ಕಚೇರಿಯಲ್ಲಿ ಮೀಟಿಂಗ್ ನಡೆಯುತ್ತಿರುವಾಗ, ಫೋನು ಸದ್ದು ಮಾಡುತ್ತದೆ. ತೆರೆದು ನೋಡಿದರೆ ದೊಡ್ಡ ಕೊಂಬಿನ ಬಿಳಿಬಾಲದ ಜಿಂಕೆಯ ಚಿತ್ರ. ತೆಗೆದ ಸಮಯ: ಒಂದು ನಿಮಿಷದ ಹಿಂದೆ. ಎರಡು ದಿನ ಬಿಟ್ಟು ಅದೇ ಫೋನಿಗೆ ಇನ್ನೊಂದು ಚಿತ್ರ ಬರುತ್ತದೆ. ಈ ಸಲ ಜಿಂಕೆಯಲ್ಲ, ಗೇಟಿನ ಬೀಗ ಮುರಿದು ಒಳಗೆ ಬಂದಿರುವ ಒಂದು ಪಿಕಪ್ ಗಾಡಿ.

ಚಿತ್ರ ತೆಗೆದದ್ದು ಮರಕ್ಕೆ ಬೆಲ್ಟ್ ಕಟ್ಟಿ ನಿಲ್ಲಿಸಿದ, ಇಟ್ಟಿಗೆಯಷ್ಟು ದೊಡ್ಡ ಒಂದು ಡಬ್ಬಿ. ಒಳಗೆ ಕ್ಯಾಮೆರಾ, ಶಾಖ ಗುರುತಿಸುವ ಸೆನ್ಸರ್, ಬ್ಯಾಟರಿ ಮತ್ತು ಒಂದು ಸಿಮ್ ಕಾರ್ಡ್. ಇದಕ್ಕೆ ಅಲ್ಲಿ ‘ಸೆಲ್ಯುಲರ್ ಟ್ರೇಲ್ ಕ್ಯಾಮೆರಾ’ ಎನ್ನುತ್ತಾರೆ. ಸಿಮ್ ಇಲ್ಲದ ಅದರ ಅಣ್ಣನನ್ನು ನಾವು ‘ಕ್ಯಾಮೆರಾ ಟ್ರ್ಯಾಪ್’ ಎಂಬ ಹೆಸರಿನಲ್ಲಿ ಹುಲಿ ಗಣತಿಯ ಸುದ್ದಿಗಳಲ್ಲಿ ಆಗಾಗ ಕೇಳುತ್ತಿರುತ್ತೇವೆ.

ಈ ಎರಡರ ನಡುವೆ ವ್ಯತ್ಯಾಸ ಒಂದು ಸಣ್ಣ ಚಿಪ್ ಮಾತ್ರ ಎಂದು ಅನ್ನಿಸಬಹುದು. ನಿಜವಾದ ವ್ಯತ್ಯಾಸ ಚಿತ್ರದಲ್ಲಿಲ್ಲ, ಚಿತ್ರ ನಮ್ಮ ಕೈಗೆ ಬರುವ ಹೊತ್ತಿನಲ್ಲಿದೆ. ಹಳೆಯ ಕ್ಯಾಮೆರಾ ಹೇಳುವುದು ‘ಇಲ್ಲೊಂದು ಜಿಂಕೆ ಬಂದಿತ್ತು’ ಎಂದು. ಸಿಮ್ ಇರುವ ಕ್ಯಾಮೆರಾ ಹೇಳುವುದು ‘ಇಲ್ಲೊಂದು ಜಿಂಕೆ ಇದೆ’ ಎಂದು. ಅಮೆರಿಕದ ಕೆಲವು ರಾಜ್ಯಗಳು ಈ ಡಬ್ಬಿಯ ವಿಷಯದಲ್ಲಿ ಕಾನೂನು ಮಾಡುವಷ್ಟು ತಲೆ ಕೆಡಿಸಿಕೊಂಡಿರುವುದು ಈ ‘ಇತ್ತು’ ಮತ್ತು ‘ಇದೆ’ಗಳ ನಡುವಿನ ಅಂತರಕ್ಕಾಗಿಯೇ.

ಬೇಟೆಗೆ ಜಮೀನು ಗುತ್ತಿಗೆಯೇ?

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಎಂದರೆ ಅಪರಾಧ. ಹಾಗಾಗಿ ಅಲ್ಲಿನ ವ್ಯವಸ್ಥೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಅಮೆರಿಕದಲ್ಲಿ ಪರವಾನಗಿ ಪಡೆದು, ನಿಗದಿಯಾದ ಋತುವಿನಲ್ಲಿ, ಇಂತಿಷ್ಟೇ ಎಂಬ ಲೆಕ್ಕದಲ್ಲಿ ಬೇಟೆಯಾಡಬಹುದು. ಪರವಾನಗಿಯ ಹಣ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹೋಗುತ್ತದೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆಯೂ ವನ್ಯಜೀವಿ ಸಂರಕ್ಷಣೆಯ ಕೆಲಸಕ್ಕೇ ಸೇರುತ್ತದೆ. ಇದು ಸರಿಯೋ ತಪ್ಪೋ ಎಂಬುದು ಬೇರೆಯೇ ಚರ್ಚೆ.

ಟೆಕ್ಸಾಸಿನಲ್ಲಿ ಸುಮಾರು ಶೇಕಡಾ 95ರಷ್ಟು ನೆಲ ಖಾಸಗಿಯವರ ಕೈಯಲ್ಲಿದೆ. ಬೇಟೆಯಾಡಬೇಕೆಂದರೆ ಯಾರದಾದರೂ ಜಮೀನಿಗೆ ಹೋಗಬೇಕು, ಅದಕ್ಕೆ ದುಡ್ಡು ಕೊಡಬೇಕು. ಎಷ್ಟೋ ಜಮೀನ್ದಾರರಿಗೆ ದನ ಸಾಕಣೆಯ ಜೊತೆಗೆ ಬೇಟೆಯ ಗುತ್ತಿಗೆಯೂ ಒಂದು ಆದಾಯ. ಗುತ್ತಿಗೆ ಹಿಡಿದವರು ದೂರದ ನಗರದವರು, ಜಮೀನಿಗೆ ಬರುವುದು ವಾರಕ್ಕೋ ತಿಂಗಳಿಗೋ ಒಮ್ಮೆ. ಉಳಿದ ದಿನ ಅಲ್ಲಿ ಏನು ನಡೆಯುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ಸಿಮ್ ಕ್ಯಾಮೆರಾ ಮಾರಾಟವಾಗುವುದು ಈ ಗೊತ್ತಿಲ್ಲದ ದಿನಗಳ ಮೇಲೆ.

ದಾರದಿಂದ ಸೆನ್ಸರ್‌ವರೆಗೆ

ಪ್ರಾಣಿ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವಂತೆ ಮಾಡುವ ಉಪಾಯ ಹೊಸದಲ್ಲ. 19ನೇ ಶತಮಾನದ ಕೊನೆಗೆ ಜಾರ್ಜ್ ಶಿರಾಸ್ ಎಂಬ ಅಮೆರಿಕದ ವಕೀಲ ಮಿಷಿಗನ್ನಿನ ಕಾಡಿನಲ್ಲಿ ದಾರ ಕಟ್ಟಿ, ಅದರ ತುದಿಯನ್ನು ಕ್ಯಾಮೆರಾಕ್ಕೂ ಫ್ಲ್ಯಾಶ್‌ಗೂ ಜೋಡಿಸಿದ. ರಾತ್ರಿ ಬಂದ ಜಿಂಕೆ ದಾರ ಎಡವಿದರೆ ಬೆಳಕು ಮಿಂಚಿ ಚಿತ್ರ ಸಿದ್ಧ. ಶಿರಾಸ್ ಮೊದಲು ಬೇಟೆಗಾರನಾಗಿದ್ದವನು. ದೋಣಿಯ ಮುಂದೆ ದೀಪ ಇಟ್ಟು, ಬೆಳಕಿಗೆ ಬೆರಗಾಗಿ ನಿಂತ ಜಿಂಕೆಯನ್ನು ಹೊಡೆಯುವ ಹಳೆಯ ಬೇಟೆಯ ವಿಧಾನದಲ್ಲಿ ಕೋವಿಯ ಜಾಗಕ್ಕೆ ಕ್ಯಾಮೆರಾ ತಂದವನೂ ಅವನೇ. 1906ರ ಜುಲೈ ತಿಂಗಳ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಅವನ 74 ಚಿತ್ರಗಳನ್ನು ಪ್ರಕಟಿಸಿತು. ಭಾರತದಲ್ಲಿ ಇದೇ ಕೆಲಸವನ್ನು 1920ರ ದಶಕದಲ್ಲಿ ಎಫ್. ಡಬ್ಲ್ಯೂ. ಚಾಂಪಿಯನ್ ಎಂಬ ಬ್ರಿಟಿಷ್ ಅರಣ್ಯಾಧಿಕಾರಿ ಹುಲಿಗಳಿಗೆ ಮಾಡಿದರು.

ಈಗ ದಾರದ ಜಾಗದಲ್ಲಿ ಇರುವುದು ‘ಪಿಐಆರ್’ ಎಂಬ ಸೆನ್ಸರ್. ಅದು ಏನನ್ನೂ ಹೊರಗೆ ಬಿಡುವುದಿಲ್ಲ, ತನ್ನ ಕಡೆಗೆ ಬರುವ ಶಾಖದ ಅಲೆಗಳನ್ನು, ಅಂದರೆ ಅವಕೆಂಪು ಕಿರಣಗಳನ್ನು, ಗಮನಿಸುತ್ತ ಕೂರುತ್ತದೆ. ಅದರ ಮುಂದಿರುವ ಬೆಳ್ಳಗಿನ ಪ್ಲಾಸ್ಟಿಕ್ ಮಸೂರ ಎದುರಿನ ನೋಟವನ್ನು ಹಲವು ಪಟ್ಟಿಗಳಾಗಿ ಸೀಳುತ್ತದೆ. ಸುತ್ತಲಿಗಿಂತ ಬಿಸಿಯಾದ ಒಂದು ವಸ್ತು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದಾಗ ಸೆನ್ಸರ್‌ನಲ್ಲಿ ಸಣ್ಣ ವಿದ್ಯುತ್ ಏರಿಳಿತ ಉಂಟಾಗುತ್ತದೆ. ಅದೇ ಕ್ಯಾಮೆರಾವನ್ನು ಎಬ್ಬಿಸುವ ಕರೆಗಂಟೆ.

ಇಷ್ಟು ಗೊತ್ತಾದರೆ ಕ್ಯಾಮೆರಾದ ಅರ್ಧ ತಪ್ಪುಗಳು ತಾವಾಗಿಯೇ ಅರ್ಥವಾಗುತ್ತವೆ. ಪ್ರಾಣಿ ಅಡ್ಡ ದಾಟಿದರೆ ಪಟ್ಟಿಗಳನ್ನು ಬೇಗ ಬೇಗ ದಾಟುತ್ತದೆ, ಕ್ಯಾಮೆರಾ ತಕ್ಷಣ ಏಳುತ್ತದೆ. ನೇರ ಎದುರಿನಿಂದ ನಡೆದು ಬಂದರೆ ಬಹಳ ಹತ್ತಿರ ಬರುವವರೆಗೆ ಸೆನ್ಸರ್‌ಗೆ ಗೊತ್ತೇ ಆಗದಿರಬಹುದು. ಟೆಕ್ಸಾಸಿನ ಬೇಸಿಗೆಯ ಮಧ್ಯಾಹ್ನ ಗಾಳಿಯ ಬಿಸಿ 38 ಡಿಗ್ರಿ ಮುಟ್ಟಿದಾಗ ಜಿಂಕೆಯ ಮೈಗೂ ಹಿಂದಿನ ಪೊದೆಗೂ ಶಾಖದಲ್ಲಿ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ, ಹಾಗಾಗಿ ಜಿಂಕೆ ಕಣ್ಣೆದುರೇ ಹೋದರೂ ಚಿತ್ರ ಸಿಗದೇ ಹೋಗಬಹುದು. ಅದೇ ಹೊತ್ತಿನಲ್ಲಿ ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ಓಲಾಡಿದರೆ ಪ್ರಾಣಿಯೇ ಇಲ್ಲದ ನೂರಾರು ಚಿತ್ರಗಳು ಬಂದು ಬೀಳುತ್ತವೆ. ಹಾವು, ಕಪ್ಪೆಗಳ ಮೈ ಸುತ್ತಲಿನಷ್ಟೇ ಬಿಸಿ ಇರುವುದರಿಂದ ಅವು ಸಾಮಾನ್ಯವಾಗಿ ಈ ಕ್ಯಾಮೆರಾಕ್ಕೆ ಇಲ್ಲವೇ ಇಲ್ಲ.

ಅಂದರೆ ಇದು ‘ಎಲ್ಲವನ್ನೂ ನೋಡುವ ಕಣ್ಣು’ ಅಲ್ಲ. ಚಿತ್ರ ಬಂದರೆ ಪ್ರಾಣಿ ಬಂದದ್ದು ನಿಜ. ಚಿತ್ರ ಬರಲಿಲ್ಲ ಎಂದ ಮಾತ್ರಕ್ಕೆ ಪ್ರಾಣಿ ಬರಲಿಲ್ಲ ಎಂದು ಹೇಳುವಂತಿಲ್ಲ.

ಪ್ರಾಣಿಗಳಿಗೆ ಕ್ಯಾಮೆರಾ ಕಾಣುವುದಿಲ್ಲ ಎಂಬುದು ನಿಜವೇ?

ರಾತ್ರಿ ಚಿತ್ರ ತೆಗೆಯಲು ಈ ಕ್ಯಾಮೆರಾಗಳು ಅವಕೆಂಪು ಎಲ್‌ಇಡಿ ದೀಪ ಬಳಸುತ್ತವೆ. ಸಾಮಾನ್ಯವಾಗಿ ಎರಡು ಬಗೆ: 850 ನ್ಯಾನೋಮೀಟರ್ ಮತ್ತು 940 ನ್ಯಾನೋಮೀಟರ್. ಮೊದಲನೆಯದರಲ್ಲಿ ಚಿತ್ರ ಹೆಚ್ಚು ದೂರದವರೆಗೆ ಸ್ಪಷ್ಟವಾಗಿ ಬರುತ್ತದೆ, ಆದರೆ ದೀಪಗಳು ಕೆಂಡದ ಚುಕ್ಕಿಗಳಂತೆ ಮಂದವಾಗಿ ಕೆಂಪಗೆ ಕಾಣುತ್ತವೆ. ಎರಡನೆಯದು ನಮ್ಮ ಕಣ್ಣಿಗೆ ಕಾಣದು. ಅದಕ್ಕೇ ಅದನ್ನು ‘ನೋ ಗ್ಲೋ’ ಎಂದು ಹೆಚ್ಚು ಬೆಲೆಗೆ ಮಾರುತ್ತಾರೆ. ಕಳ್ಳನನ್ನು ಹಿಡಿಯಬೇಕಾದ ಗೇಟಿನ ಬಳಿ ಅದೇ ಸರಿ.

ಜಿಂಕೆಗಳ ಕಣ್ಣಿನಲ್ಲಿ ನೀಲಿ ಮತ್ತು ಹಸಿರು ಬೆಳಕಿಗೆ ಸ್ಪಂದಿಸುವ ಎರಡೇ ಬಗೆಯ ಬಣ್ಣದ ಕೋಶಗಳಿವೆ. ಕೆಂಪು ಬಣ್ಣ ಗುರುತಿಸುವುದರಲ್ಲಿ ಅವು ನಮಗಿಂತ ಹಿಂದೆ. ಹಾಗಾದರೆ ಕ್ಯಾಮೆರಾ ಅವುಗಳ ಪಾಲಿಗೆ ಇಲ್ಲವೆಂದೇ ಅರ್ಥವೇ? ಇಲ್ಲ. 2014ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಹಲವು ಮಾದರಿಯ ಕ್ಯಾಮೆರಾಗಳನ್ನು ಅಳೆದು ನೋಡಿ, ಅವು ಹೊರಡಿಸುವ ಸದ್ದು ಮತ್ತು ಬೆಳಕು ಅನೇಕ ಸಸ್ತನಿಗಳಿಗೆ ತಿಳಿಯುವ ಮಟ್ಟದಲ್ಲಿಯೇ ಇವೆ ಎಂದು ವರದಿ ಮಾಡಿದರು. ಇದರ ಜೊತೆಗೆ ಕ್ಯಾಮೆರಾ ಕಟ್ಟಿದ ಮನುಷ್ಯನ ಕೈಯ ವಾಸನೆ ಬೇರೆ. ಬೇಟೆಗಾರರ ಚಿತ್ರಸಂಗ್ರಹದಲ್ಲಿ ಜಿಂಕೆಯ ಮೂಗು ಮಾತ್ರ ತುಂಬಿಕೊಂಡ ಚಿತ್ರಗಳು ಏಕೆ ಅಷ್ಟೊಂದಿವೆ ಎಂದರೆ, ಅದು ಈ ವಿಚಿತ್ರ ಡಬ್ಬಿಯನ್ನು ಮೂಸಲು ಬಂದದ್ದರಿಂದ.

ಸಿಮ್ ಇರುವ ಕ್ಯಾಮೆರಾದ ಒಳ್ಳೆಯ ಗುಣವೊಂದು ಇಲ್ಲಿಯೇ ಇದೆ. ಹಳೆಯ ಕ್ಯಾಮೆರಾದಲ್ಲಿ ಮೆಮೊರಿ ಕಾರ್ಡ್ ತೆಗೆಯಲು ಪ್ರತಿ ವಾರ ಕಾಡಿಗೆ ನಡೆಯಬೇಕು. ಪ್ರತಿ ಸಲವೂ ಸದ್ದು, ವಾಸನೆ, ಗಾಡಿ. ಬೇಟೆಯ ಒತ್ತಡ ಇರುವ ಕಡೆ ಜಿಂಕೆಗಳು ಹಗಲು ಓಡಾಡುವುದನ್ನು ಕಡಿಮೆ ಮಾಡಿ ರಾತ್ರಿಗೆ ಸರಿಯುತ್ತವೆ. ಮನುಷ್ಯ ಕಡಿಮೆ ಬಂದಷ್ಟೂ ಅವುಗಳ ದಿನಚರಿ ಕಡಿಮೆ ಕೆಡುತ್ತದೆ.

‘ಲೈವ್’ ಎಂದರೆ ಎಷ್ಟು ಲೈವ್?

ಬಹಳಷ್ಟು ಜನ ಸಿಮ್ ಕ್ಯಾಮೆರಾ ಎಂದರೆ ಅಂಗಡಿಯ ಸಿಸಿಟಿವಿಯಂತೆ ಹಗಲೂ ರಾತ್ರಿ ಚಿತ್ರ ಹರಿಯುತ್ತಿರುತ್ತದೆ ಎಂದುಕೊಂಡಿದ್ದಾರೆ. ಕರೆಂಟು, ವೈಫೈ ಎರಡೂ ಇರುವ ಅಂಗಡಿಗೂ, ನಾಲ್ಕಾರು ಸೆಲ್ ಹಾಕಿಕೊಂಡು ಮೂರು ತಿಂಗಳು ಮರಕ್ಕೆ ಅಂಟಿಕೊಂಡಿರಬೇಕಾದ ಡಬ್ಬಿಗೂ ಹೋಲಿಕೆಯೇ ಇಲ್ಲ.

ಈ ಕ್ಯಾಮೆರಾ ಬದುಕಿನ ಬಹುಪಾಲು ನಿದ್ದೆಯಲ್ಲಿಯೇ ಕಳೆಯುತ್ತದೆ. ಎಚ್ಚರವಿರುವುದು ಸೆನ್ಸರ್ ಮಾತ್ರ, ಅದು ಕುಡಿಯುವ ವಿದ್ಯುತ್ತು ನಗಣ್ಯ. ಕರೆಗಂಟೆ ಬಾರಿಸಿದ ಮೇಲೆ ಅರ್ಧ ಸೆಕೆಂಡಿನೊಳಗೆ ಚಿತ್ರ ತೆಗೆಯುತ್ತದೆ. ಅಲ್ಲಿಂದ ಮುಂದೆ ಕೆಲಸ ನಿಧಾನ. ಚಿತ್ರವನ್ನು ಕುಗ್ಗಿಸಬೇಕು, ಮೊಬೈಲ್ ಮೋಡೆಮ್ ಅನ್ನು ಎಬ್ಬಿಸಬೇಕು, ಅದು ಟವರ್ ಹುಡುಕಿ ನೆಟ್‌ವರ್ಕಿಗೆ ಹೆಸರು ನೋಂದಾಯಿಸಿಕೊಳ್ಳಬೇಕು, ಚಿತ್ರ ಕಂಪನಿಯ ಸರ್ವರ್‌ಗೆ ಏರಬೇಕು, ಅಲ್ಲಿಂದ ನಿಮ್ಮ ಫೋನಿಗೆ ಬರಬೇಕು. ಸಿಗ್ನಲ್ ಚೆನ್ನಾಗಿದ್ದರೆ ಅರ್ಧ ನಿಮಿಷ, ಇಲ್ಲದಿದ್ದರೆ ಕೆಲವು ನಿಮಿಷ. ಬಂದದ್ದೂ ಮೂಲ ಚಿತ್ರವಲ್ಲ, ಅದರ ಸಣ್ಣ ನಕಲು. ದೊಡ್ಡ ಚಿತ್ರ ಕಾರ್ಡಿನಲ್ಲೇ ಉಳಿದಿರುತ್ತದೆ. ಬೇಕೆಂದರೆ ಪ್ರತ್ಯೇಕವಾಗಿ ಕೇಳಿ ತರಿಸಿಕೊಳ್ಳಬೇಕು.

ಬ್ಯಾಟರಿಯನ್ನು ತಿನ್ನುವುದು ಚಿತ್ರ ತೆಗೆಯುವ ಕೆಲಸಕ್ಕಿಂತ ಹೆಚ್ಚಾಗಿ ರಾತ್ರಿಯ ದೀಪ ಮತ್ತು ಈ ಕಳಿಸುವ ಕೆಲಸ. ಟವರ್ ದೂರವಿದ್ದಷ್ಟೂ ಮೋಡೆಮ್ ಜೋರಾಗಿ ಕೂಗಬೇಕು, ಕೇಳಿಸದಿದ್ದರೆ ಮತ್ತೆ ಮತ್ತೆ ಕೂಗಬೇಕು. ಆದ್ದರಿಂದ ಒಂದೇ ಕಂಪನಿಯ ಒಂದೇ ಮಾದರಿ ಗುಡ್ಡದ ಮೇಲೆ ಮೂರು ತಿಂಗಳು ಬಾಳಿ, ಕಣಿವೆಯಲ್ಲಿ ಮೂರು ವಾರಕ್ಕೆ ಮಲಗಬಹುದು. ಚಳಿಗಾಲದಲ್ಲಿ ಮಾಮೂಲಿ ಆಲ್ಕಲೈನ್ ಸೆಲ್‌ಗಳು ಬೇಗ ಸೋಲುತ್ತವೆ. ಲಿಥಿಯಂ ಸೆಲ್‌ಗಳು ಕೊರೆಯುವ ಚಳಿಯಲ್ಲೂ ನಡೆಯುತ್ತವೆ, ಬೆಲೆ ಹೆಚ್ಚು. ಸಣ್ಣ ಸೋಲಾರ್ ಫಲಕ ಒಳ್ಳೆಯ ಉಪಾಯ, ಆದರೆ ಪ್ರಾಣಿಗಳು ಓಡಾಡುವ ಜಾಗ ಸಾಮಾನ್ಯವಾಗಿ ನೆರಳಿನದು ಎಂಬುದನ್ನು ಜಾಹೀರಾತು ಹೇಳುವುದಿಲ್ಲ. ಖರ್ಚು ಉಳಿಸಲು ಅನೇಕರು ದಿನಕ್ಕೆ ಒಂದೋ ಎರಡೋ ಸಲ ಎಲ್ಲ ಚಿತ್ರಗಳನ್ನು ಒಟ್ಟಿಗೆ ಕಳಿಸುವಂತೆ ಹೊಂದಿಸಿಕೊಳ್ಳುತ್ತಾರೆ. ಆಗ ‘ಲೈವ್’ ಎಂಬುದು ಸಂಜೆಯ ಪತ್ರಿಕೆಯಾಗುತ್ತದೆ.

ಇನ್ನೊಂದು ಅವಲಂಬನೆ ನಮ್ಮ ಕೈಯಲ್ಲಿಲ್ಲದ್ದು. 2022ರಲ್ಲಿ ಅಮೆರಿಕದ ದೊಡ್ಡ ಮೊಬೈಲ್ ಕಂಪನಿಗಳು 3ಜಿ ಜಾಲವನ್ನು ಮುಚ್ಚಿದವು. ಸೆಲ್ ಹೊಸದು, ಮಸೂರ ಚೊಕ್ಕ, ಎಲ್ಲವೂ ಸರಿ ಇದ್ದ ಎಷ್ಟೋ ಹಳೆಯ 3ಜಿ ಕ್ಯಾಮೆರಾಗಳು ಮಾತು ಕಳೆದುಕೊಂಡು ಮತ್ತೆ ಕಾರ್ಡ್ ತೆಗೆದು ನೋಡುವ ಡಬ್ಬಿಗಳಾದವು.

ಎಣಿಕೆಗೆ ಅವಸರ ಬೇಕಿಲ್ಲ

ಜಮೀನಿನಲ್ಲಿ ಎಷ್ಟು ಜಿಂಕೆಗಳಿವೆ? ಎಷ್ಟು ಗಂಡು, ಎಷ್ಟು ಹೆಣ್ಣು? ಈ ವರ್ಷ ಎಷ್ಟನ್ನು ಹೊಡೆದರೆ ಹಿಂಡಿಗೆ ಪೆಟ್ಟಾಗುವುದಿಲ್ಲ? ಜವಾಬ್ದಾರಿಯುಳ್ಳ ಬೇಟೆಗಾರ ಕೇಳಲೇಬೇಕಾದ ಪ್ರಶ್ನೆಗಳಿವು. ಒಂದೇ ಹೆಣ್ಣು ಜಿಂಕೆ ನಲವತ್ತು ಸಲ ಕ್ಯಾಮೆರಾ ಮುಂದೆ ಬಂದರೆ ಅದು ನಲವತ್ತು ಜಿಂಕೆಯಲ್ಲ. ಹುಲಿಗಾದರೆ ಪಟ್ಟೆಗಳಿವೆ, ಪ್ರತಿ ಹುಲಿಯದೂ ಬೇರೆ. ಬಿಳಿಬಾಲದ ಜಿಂಕೆಗೆ ಅಂಥ ಗುರುತಿಲ್ಲ. ಆದರೆ ಗಂಡಿನ ಕೊಂಬಿನ ಕವಲುಗಳು ಒಂದು ಋತುವಿನ ಮಟ್ಟಿಗೆ ಗುರುತಿನ ಚೀಟಿಯಂತೆ ಕೆಲಸ ಮಾಡುತ್ತವೆ.

ಅಲ್ಲಿ ಬಳಸುವ ಲೆಕ್ಕ ಸರಳ. ಸುಮಾರು ನೂರು ಎಕರೆಗೆ ಒಂದರಂತೆ ಕ್ಯಾಮೆರಾ ಇಟ್ಟು ಎರಡು ವಾರ ಚಿತ್ರ ತೆಗೆಯುತ್ತಾರೆ. ಉದಾಹರಣೆಗೆ, ಗಂಡು ಜಿಂಕೆಗಳ 100 ಚಿತ್ರ ಬಂದು, ಕೊಂಬು ನೋಡಿ ಅವುಗಳಲ್ಲಿ 10 ಬೇರೆ ಬೇರೆ ಗಂಡುಗಳೆಂದು ಗುರುತಿಸಿದೆವು ಎನ್ನೋಣ. ಅಂದರೆ ಒಂದು ಗಂಡಿಗೆ ಸರಾಸರಿ 10 ಚಿತ್ರ. ಹೆಣ್ಣುಗಳ 200 ಚಿತ್ರ ಬಂದಿದ್ದರೆ, ಅದೇ ಲೆಕ್ಕದಲ್ಲಿ 20 ಹೆಣ್ಣುಗಳು. ಗಂಡೂ ಹೆಣ್ಣೂ ಕ್ಯಾಮೆರಾ ಮುಂದೆ ಸಮಾನವಾಗಿ ಬರುತ್ತವೆ ಎಂಬ ನಂಬಿಕೆಯ ಮೇಲೆ ಈ ಲೆಕ್ಕ ನಿಂತಿದೆ. ಆ ನಂಬಿಕೆ ಎಲ್ಲ ಕಡೆ, ಎಲ್ಲ ಕಾಲದಲ್ಲೂ ನಿಜವಲ್ಲ. ಜೋಳ ಚೆಲ್ಲಿ ಜಿಂಕೆಗಳನ್ನು ಕ್ಯಾಮೆರಾ ಮುಂದೆ ಕರೆಯುವುದೂ ಇದೆ. ಆದರೆ ಒಂದೇ ಕಡೆ ಮೂತಿ ಇಟ್ಟು ತಿಂದರೆ ‘ಕ್ರಾನಿಕ್ ವೇಸ್ಟಿಂಗ್ ಡಿಸೀಸ್’ ಎಂಬ, ಜಿಂಕೆಗಳ ಮೆದುಳನ್ನು ಕೆಡಿಸುವ ಮದ್ದಿಲ್ಲದ ರೋಗ ಹರಡಬಹುದೆಂದು ಹಲವು ಕಡೆ ಅದಕ್ಕೆ ನಿಷೇಧವಿದೆ.

ಗಮನಿಸಿ, ಈ ಇಡೀ ಕೆಲಸಕ್ಕೆ ಸಿಮ್ ಬೇಕೇ ಇಲ್ಲ. ಎರಡು ವಾರದ ನಂತರ ಕಾರ್ಡ್ ತೆಗೆದು ನೋಡಿದರೂ ಉತ್ತರ ಅದೇ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಕ್ಯಾಮೆರಾ ಟ್ರ್ಯಾಪ್‌ಗಳಿಂದ ಹುಲಿಗಳ ಸಂಖ್ಯೆ ಅಂದಾಜು ಮಾಡುವ ವಿಧಾನವನ್ನು ರೂಪಿಸಿದಾಗ ಕಾಡಿನಲ್ಲಿ ಮೊಬೈಲ್ ಸಿಗ್ನಲ್ಲಿನ ಮಾತೇ ಇರಲಿಲ್ಲ. 2018-19ರ ರಾಷ್ಟ್ರೀಯ ಹುಲಿ ಗಣತಿಯಲ್ಲಿ 26,838 ಜಾಗಗಳಲ್ಲಿ ಕ್ಯಾಮೆರಾ ಇಟ್ಟು ತೆಗೆದ ಸುಮಾರು 3.5 ಕೋಟಿ ಚಿತ್ರಗಳಲ್ಲಿ 76,651 ಹುಲಿಯವು. ವಿಜ್ಞಾನಕ್ಕೆ ತಾಳ್ಮೆಯೇ ಸಾಕು.

ಅವಸರ ಬೇಕಾಗುವುದು ಎಲ್ಲಿ?

ಮೊದಲನೆಯದು ಕಳ್ಳರ ವಿಷಯದಲ್ಲಿ. ಮೆಮೊರಿ ಕಾರ್ಡ್ ಮಾತ್ರ ಇರುವ ಕ್ಯಾಮೆರಾವನ್ನು ಕಳ್ಳ ನೋಡಿದರೆ ಅದನ್ನೇ ಕಿತ್ತುಕೊಂಡು ಹೋಗುತ್ತಾನೆ. ಸಾಕ್ಷಿಯೂ ಹೋಯಿತು, ಕ್ಯಾಮೆರಾವೂ ಹೋಯಿತು. ಸಿಮ್ ಇದ್ದರೆ ಅವನ ಮುಖ ಅಷ್ಟು ಹೊತ್ತಿಗೆ ನೂರಾರು ಕಿಲೋಮೀಟರ್ ಆಚೆಯ ಸರ್ವರ್ ಮುಟ್ಟಿರುತ್ತದೆ. ಅನುಭವಿಗಳು ಇಂಥ ಕಡೆ ಎರಡು ಕ್ಯಾಮೆರಾ ಇಡುತ್ತಾರೆ. ಒಂದು ಕಣ್ಣಿಗೆ ಬೀಳುವಂತೆ, ಇನ್ನೊಂದು ತಲೆಗಿಂತ ಎತ್ತರದಲ್ಲಿ, ಮೊದಲನೆಯದನ್ನೇ ನೋಡುತ್ತಿರುವಂತೆ.

ಎರಡನೆಯದು ಹಂದಿಗಳು. ಟೆಕ್ಸಾಸಿನ ರೈತರಿಗೆ ಹಿಂದೆ ಸಾಕಿ ಬಿಟ್ಟು ಕಾಡುಪಾಲಾದ ಹಂದಿಗಳ ಕಾಟ ವಿಪರೀತ. ಅಲ್ಲಿ ಅವು ಹೊರಗಿನಿಂದ ಬಂದ ಪ್ರಾಣಿಗಳು, ಹೊಲ ಅಗೆದು ಹಾಕುತ್ತವೆ, ನೆಲದ ಮೇಲಿನ ಗೂಡುಗಳನ್ನು ತಿನ್ನುತ್ತವೆ. ಹಂದಿ ಬುದ್ಧಿವಂತ ಪ್ರಾಣಿ. ಬೋನಿನ ಬಾಗಿಲು ಎರಡು ಹಂದಿ ಒಳಗೆ ಹೋದಾಗಲೇ ಬಿದ್ದರೆ ಹೊರಗೆ ನಿಂತು ನೋಡಿದ ಹತ್ತು ಹಂದಿಗಳು ಮತ್ತೆ ಯಾವ ಬೋನಿನ ಹತ್ತಿರವೂ ಸುಳಿಯುವುದಿಲ್ಲ. ಅದಕ್ಕಾಗಿ ಈಗ ದೊಡ್ಡ ಬೇಲಿಯ ಬೋನಿಗೆ ಸಿಮ್ ಕ್ಯಾಮೆರಾ ಜೋಡಿಸುತ್ತಾರೆ. ರೈತ ಮನೆಯಲ್ಲಿ ಕುಳಿತು, ಇಡೀ ಹಿಂಡು ಒಳಗೆ ಬಂದಿದೆ ಎಂದು ನೋಡಿದ ಮೇಲೆ ಫೋನಿನಲ್ಲಿ ಗುಂಡಿ ಒತ್ತಿ ಬಾಗಿಲು ಬೀಳಿಸುತ್ತಾನೆ. ಇಲ್ಲಿ ಹತ್ತು ನಿಮಿಷ ತಡವಾದ ಚಿತ್ರದಿಂದ ಯಾವ ಪ್ರಯೋಜನವೂ ಇಲ್ಲ.

ಮೂರನೆಯದು ನಮ್ಮ ದೇಶದ್ದು. ಮಧ್ಯಪ್ರದೇಶದ ಕಾನ್ಹಾ ಮತ್ತು ಪೆಂಚ್ ಕಾಡುಗಳ ನಡುವೆ ಹುಲಿಗಳು ಓಡಾಡುವ ದಾರಿಯಲ್ಲಿ ‘ಟ್ರೇಲ್‌ಗಾರ್ಡ್’ ಎಂಬ ಕ್ಯಾಮೆರಾಗಳನ್ನು ಇಟ್ಟು ನಡೆಸಿದ ಪ್ರಯೋಗದ ವರದಿ 2023ರಲ್ಲಿ ಪ್ರಕಟವಾಯಿತು. ಈ ಕ್ಯಾಮೆರಾ ಚಿತ್ರದಲ್ಲಿರುವುದು ಹುಲಿಯೋ ಮನುಷ್ಯನೋ ಹಸುವೋ ಎಂದು ಒಳಗಿನ ಚಿಪ್‌ನಲ್ಲಿಯೇ ತೀರ್ಮಾನಿಸಿ, ಬೇಕಾದದ್ದನ್ನು ಮಾತ್ರ ಕಳಿಸುತ್ತದೆ. ಓಲಾಡಿದ ಹುಲ್ಲಿನ ಚಿತ್ರ ಕಳಿಸಿ ಬ್ಯಾಟರಿ ಸುಡುವುದಿಲ್ಲ. ಊರಿನ ಅಂಚಿಗೆ ಹುಲಿ ಬಂದಿದೆ ಎಂಬ ಸುದ್ದಿ ಅರ್ಧ ನಿಮಿಷದಲ್ಲಿ ಸಿಕ್ಕರೆ ಜನರನ್ನು ಎಚ್ಚರಿಸಬಹುದು. ಮರುದಿನ ಸಿಕ್ಕರೆ ಪರಿಹಾರದ ಅರ್ಜಿ ಬರೆಯಬಹುದು, ಅಷ್ಟೇ.

ಜಿಂಕೆಯ ಪಾಲಿನ ಹೊತ್ತು

ಈಗ ಮೊದಲಿನ ಬೇಟೆಗಾರನ ಬಳಿಗೆ ಬರೋಣ. ಹ್ಯೂಸ್ಟನ್ನಿನಲ್ಲಿ ಕುಳಿತವನಿಗೆ ಒಂದು ನಿಮಿಷದ ಹಿಂದಿನ ಚಿತ್ರದಿಂದ ಜಿಂಕೆ ಹೊಡೆಯಲು ಆಗುವುದಿಲ್ಲ, ಮುನ್ನೂರು ಕಿಲೋಮೀಟರ್ ದೂರವಿದೆ. ಆದರೆ ಅವನೇ ಜಮೀನಿನ ಗುಡಿಸಲಲ್ಲಿ, ಕೋವಿ ಪಕ್ಕದಲ್ಲಿಟ್ಟುಕೊಂಡು ಕುಳಿತಿದ್ದರೆ? ಇಪ್ಪತ್ತು ಕ್ಯಾಮೆರಾಗಳಲ್ಲಿ ಯಾವುದು ಮೊದಲು ಸದ್ದು ಮಾಡುತ್ತದೋ ಅತ್ತ ಗಾಡಿ ಓಡಿಸಿದರಾಯಿತು.

ಅಲ್ಲಿನ ಬೇಟೆಗಾರರಲ್ಲಿ ‘ಫೇರ್ ಚೇಸ್’ ಎಂಬ ಹಳೆಯ ನೀತಿಯೊಂದಿದೆ. ಪ್ರಾಣಿಗೂ ತಪ್ಪಿಸಿಕೊಳ್ಳಲು ನ್ಯಾಯವಾದ ಅವಕಾಶ ಇರಬೇಕು ಎಂಬುದು ಅದರ ತಿರುಳು. 1887ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಮುಂದೆ ನಿಂತು ಕಟ್ಟಿದ ಬೂನ್ ಅಂಡ್ ಕ್ರೊಕೆಟ್ ಕ್ಲಬ್ ಈ ನೀತಿಯ ಕಾವಲುಗಾರ. ದೊಡ್ಡ ಕೊಂಬುಗಳ ದಾಖಲೆ ಇಡುವ ಈ ಕ್ಲಬ್, ತಕ್ಷಣ ಚಿತ್ರ ಕಳಿಸುವ ಸಾಧನದ ಸುಳಿವಿನ ಮೇಲೆ ಕೂಡಲೇ ಹೋಗಿ ಹೊಡೆದ ಪ್ರಾಣಿಯನ್ನು ತನ್ನ ದಾಖಲೆಗೆ ಸೇರಿಸುವುದಿಲ್ಲ. ಇದನ್ನು ಬೇಟೆಯ ವಿರೋಧಿಗಳು ಹೇಳಿದ್ದಲ್ಲ, ಬೇಟೆಗಾರರೇ ತಮಗೆ ಹಾಕಿಕೊಂಡ ಗೆರೆ.

ಕಾನೂನುಗಳಲ್ಲೂ ಈ ಗೆರೆ ಕಾಣುತ್ತದೆ. ನೆವಾಡಾ ರಾಜ್ಯದ ಸಾರ್ವಜನಿಕ ಜಮೀನುಗಳಲ್ಲಿ ಎಲ್ಲ ಟ್ರೇಲ್ ಕ್ಯಾಮೆರಾಗಳಿಗೂ ಆಗಸ್ಟ್ 1ರಿಂದ ವರ್ಷದ ಕೊನೆಯವರೆಗೆ ನಿರ್ಬಂಧವಿದೆ. ಚಿತ್ರ ಕಳಿಸುವ ಕ್ಯಾಮೆರಾಗಳಿಗೆ ಒಂದು ತಿಂಗಳು ಮೊದಲೇ, ಜುಲೈ 1ರಿಂದ. ಅರಿಜೋನಾ ಇನ್ನೂ ಮುಂದೆ ಹೋಗಿ, 2022ರ ಜನವರಿ 1ರಿಂದ ಬೇಟೆಗೆ ನೆರವಾಗುವಂತೆ ಯಾವುದೇ ಟ್ರೇಲ್ ಕ್ಯಾಮೆರಾ ಬಳಸುವುದನ್ನು ನಿಷೇಧಿಸಿತು. ಅದು ಒಣ ನಾಡು. ಬೇಸಿಗೆಯಲ್ಲಿ ಪ್ರಾಣಿಗಳು ಬದುಕಬೇಕಾದರೆ ಬೆರಳೆಣಿಕೆಯ ನೀರಿನ ಗುಂಡಿಗಳಿಗೆ ಬರಲೇಬೇಕು. ಒಂದೊಂದು ಗುಂಡಿಯ ಸುತ್ತ ಹತ್ತಾರು ಜನರ ಕ್ಯಾಮೆರಾಗಳು, ಅವುಗಳ ಕಾರ್ಡ್ ತೆಗೆಯಲು ಬರುವ ಹತ್ತಾರು ಗಾಡಿಗಳು. ನೀರು ಕುಡಿಯಲು ಬಂದ ಪ್ರಾಣಿ ಬೆದರಿ ಹಿಂತಿರುಗುತ್ತಿತ್ತು. ಒಂದು ವಿಪರ್ಯಾಸ ನೋಡಿ: ಈ ತೊಂದರೆಗೆ ಸಿಮ್ ಕ್ಯಾಮೆರಾವೇ ಮದ್ದು, ಏಕೆಂದರೆ ಅದರ ಬಳಿ ಯಾರೂ ಬರಬೇಕಿಲ್ಲ. ಆದರೆ ಅದನ್ನು ಬಿಟ್ಟರೆ ಗುಂಡಿಗೆ ಬಂದ ಪ್ರಾಣಿಯ ಸುದ್ದಿ ಅದು ನೀರು ಕುಡಿದು ಮುಗಿಸುವ ಮೊದಲೇ ಕೋವಿಯವನಿಗೆ ತಲುಪುತ್ತದೆ. ನನ್ನ ದೃಷ್ಟಿಯಲ್ಲಿ ಅರಿಜೋನಾ ಮಾಡಿದ್ದು ಸರಿ. ತಪ್ಪಿಸಿಕೊಳ್ಳಲು ಬೇರೆ ಜಾಗವೇ ಇಲ್ಲದ ಕಡೆ ಆ ಸ್ವಲ್ಪ ಹೊತ್ತೇ ಪ್ರಾಣಿಯ ಬಳಿ ಉಳಿದಿದ್ದ ಆಸ್ತಿ. ಖಾಸಗಿ ಜಮೀನೇ ತುಂಬಿರುವ ಟೆಕ್ಸಾಸಿನಲ್ಲಿ ಇಂಥ ನಿಷೇಧವಿಲ್ಲ.

ಕ್ಯಾಮೆರಾಕ್ಕೆ ಮನುಷ್ಯರೂ ಬಿಸಿ ಪ್ರಾಣಿಗಳೇ

ಸೆನ್ಸರ್‌ಗೆ ಶಾಖ ಗೊತ್ತು, ಯಾರೆಂದು ಗೊತ್ತಿಲ್ಲ. ಟೆನೆಸ್ಸೀ ರಾಜ್ಯದಲ್ಲಿ ಜಮೀನಿನ ಮಾಲೀಕನೊಬ್ಬ ತನ್ನದೇ ಮರದಲ್ಲಿ ತಾನು ಇಡದ ಕ್ಯಾಮೆರಾವೊಂದನ್ನು ಕಂಡ. ಇಟ್ಟವರು ವನ್ಯಜೀವಿ ಅಧಿಕಾರಿಗಳು. ಬೇಟೆಯ ನಿಯಮ ಮುರಿಯುತ್ತಾನೋ ಎಂದು ನೋಡಲು, ವಾರಂಟ್ ಇಲ್ಲದೆ. ಮನೆಯಂಗಳ ದಾಟಿದ ಬಯಲು ಜಮೀನಿಗೆ ಸಂವಿಧಾನದ ಖಾಸಗಿತನದ ರಕ್ಷಣೆ ಇಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು 1924ರಲ್ಲಿಯೇ ಹೇಳಿತ್ತು. ಆದರೆ 2024ರ ಮೇ ತಿಂಗಳಲ್ಲಿ ಟೆನೆಸ್ಸೀಯ ಮೇಲ್ಮನವಿ ನ್ಯಾಯಾಲಯ, ಈ ಬಗೆಯ ಶೋಧ ಆ ರಾಜ್ಯದ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಜಿಂಕೆಯನ್ನು ಕಾಯಲು ಕ್ಯಾಮೆರಾ ಕಟ್ಟುವ ಬೇಟೆಗಾರರಿಗೆ ತಮ್ಮನ್ನೇ ಹಾಗೆ ನೋಡಿದಾಗ ಸಿಟ್ಟು ಬಂದದ್ದು ಸಹಜವೇ.

ಉತ್ತರಾಖಂಡದ ಕಾರ್ಬೆಟ್ ಕಾಡಿನ ಕಥೆ ಇದಕ್ಕಿಂತ ಕಹಿ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ಅಲ್ಲಿ ಸುಮಾರು 270 ಜನರನ್ನು ಮಾತಾಡಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪ್ರಾಣಿಗಳಿಗೆಂದು ಇಟ್ಟ ಕ್ಯಾಮೆರಾಗಳು ಸೌದೆ, ಹುಲ್ಲು ತರಲು ಹೋಗುವ ಹೆಂಗಸರ ಬದುಕನ್ನೇ ಬದಲಿಸಿವೆ. ಬಹಿರ್ದೆಸೆಗೆ ಹೋದ ಮಹಿಳೆಯೊಬ್ಬರ ಚಿತ್ರ ಫೋನುಗಳಲ್ಲಿ ಹರಿದಾಡಿ, ಊರಿನವರು ಕ್ಯಾಮೆರಾಗಳನ್ನು ಒಡೆದು ಹಾಕಿದರು. ಕಾಡಿನಲ್ಲಿ ಆನೆ, ಹುಲಿ ದೂರ ಸರಿಯಲೆಂದು ಗಟ್ಟಿಯಾಗಿ ಹಾಡಿಕೊಂಡು ನಡೆಯುತ್ತಿದ್ದ ಹೆಂಗಸರು ಕ್ಯಾಮೆರಾದ ಹೆದರಿಕೆಗೆ ದನಿ ತಗ್ಗಿಸಿದರು. ದನಿ ತಗ್ಗಿದರೆ ಪ್ರಾಣಿಗೆ ಎದುರಾಗುವ ಅಪಾಯ ಹೆಚ್ಚು.

ತೋಟಕ್ಕೊಂದು 4ಜಿ ಕ್ಯಾಮೆರಾ ತರುವ ಮುನ್ನ

ಬೇಟೆ ನಮ್ಮ ವಿಷಯವಲ್ಲದಿದ್ದರೂ ಸಿಮ್ ಹಾಕುವ ಸೋಲಾರ್ ಕ್ಯಾಮೆರಾ ಮಲೆನಾಡಿನ ಅಡಿಕೆ, ಕಾಫಿ ತೋಟಗಳಿಗೂ ಬಂದಿದೆ. ಅಡಿಕೆ ಕಳ್ಳರಿಗೆ, ಕಾಳುಮೆಣಸಿನ ಕಳ್ಳರಿಗೆ, ಬೇಲಿ ದಾಟುವ ಆನೆಗೆ. ಕೊಳ್ಳುವ ಮೊದಲು ಕ್ಯಾಮೆರಾ ಕಟ್ಟುವ ಮರದ ಬುಡದಲ್ಲೇ ನಿಂತು ನಿಮ್ಮ ಫೋನಿನಿಂದ ಒಂದು ಚಿತ್ರ ಕಳಿಸಿ ನೋಡಿ. ಗೇಟಿನ ಹತ್ತಿರ ಸಿಗ್ನಲ್ ಇದ್ದ ಮಾತ್ರಕ್ಕೆ ಹಳ್ಳದ ಬದಿಯಲ್ಲೂ ಇರುತ್ತದೆ ಎಂದೇನಿಲ್ಲ. ಮಳೆಗಾಲದ ಮೋಡ, ತೋಟದ ನೆರಳು ಎರಡೂ ಸೇರಿದರೆ ಜುಲೈ ತಿಂಗಳಲ್ಲಿ ಸೋಲಾರ್ ಫಲಕವನ್ನು ನಂಬಬೇಡಿ. ದಾರಿಗೆ ನೇರ ಎದುರಾಗಿ ಇಡುವುದಕ್ಕಿಂತ ಸ್ವಲ್ಪ ಓರೆಯಾಗಿ, ನಡೆಯುವವರು ಅಡ್ಡ ದಾಟುವಂತೆ ಇಡಿ. ಬೆಳಗಿನ, ಸಂಜೆಯ ಬಿಸಿಲು ಮಸೂರಕ್ಕೆ ಹೊಡೆಯದಂತೆ ಉತ್ತರಕ್ಕೆ ಮುಖ ಮಾಡಿದರೆ ಸುಳ್ಳು ಕರೆಗಂಟೆಗಳು ಕಡಿಮೆಯಾಗುತ್ತವೆ. ಮುಂದಿನ ಹುಲ್ಲು, ಕೆಸುವಿನ ಎಲೆ ಸವರಿಬಿಡಿ. ಆನೆ ಬಂದಿರುವ ಚಿತ್ರ ಫೋನಿಗೆ ಬಂದರೆ ನೋಡಲು ಟಾರ್ಚ್ ಹಿಡಿದು ಹೊರಡಬೇಡಿ, ಅರಣ್ಯ ಇಲಾಖೆಗೂ ಆ ದಾರಿಯಲ್ಲಿ ಕೆಲಸಕ್ಕೆ ಬರುವವರಿಗೂ ಹೇಳಿ. ಕಟ್ಟಿದ ಮೇಲೆ ಮೊದಲ ದಿನದ ಚಿತ್ರಗಳನ್ನು ಒಮ್ಮೆ ನಿಧಾನವಾಗಿ ನೋಡಿ. ಪಕ್ಕದ ಲೈನ್ ಮನೆಯವರು ಸ್ನಾನಕ್ಕೆ, ನೀರಿಗೆ ಹೋಗುವ ದಾರಿ ಅದರಲ್ಲಿ ಕಾಣುತ್ತಿದ್ದರೆ, ಕ್ಯಾಮೆರಾ ಬೇರೆ ಮರಕ್ಕೆ ಹೋಗಬೇಕು.